ತ್ರಿವೇಣಿಯ ಮೂಗು ಕೆಟ್ಟ ವರ್ಷ

ಗುಬ್ಬಿಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಶಶಿಕಲಾಳ ಮಗಳು ತ್ರಿವೇಣಿ. ಅಮ್ಮ ಮಾಡಿದ ಅನ್ನ ಸಾರನ್ನೇ ಆ ಹುಡುಗಿ ಸ್ಕೂಲಲ್ಲೂ ಉಣ್ಣೋಳು, ಮನೆಯಲ್ಲೂ ಉಣ್ಣೋಳು. ಮನೆಯಲ್ಲಿ ಮೂತಿ ತಿರುವೋಳು, ಸ್ಕೂಲಲ್ಲಿ ಮಾತ್ರ ಎರಡನೇ ಸಲ ತಟ್ಟೆ ಹಿಡಿದು ಬರೋಳು.

"ಸ್ಕೂಲ್ ಸಾರು ಚೆನ್ನಾಗಿರ್ತದೆ, ಮನೇದು ಯಾಕಮ್ಮ ಹಿಂಗೆ?" ಅಂದರೆ ಶಶಿಕಲಾ, "ಅಲ್ಲಿ ಪಕ್ಕದಲ್ಲಿ ಶಿಲ್ಪಾ ಕೂತಿರ್ತಾಳೆ ಕಣೇ, ಅದಕ್ಕೆ ರುಚಿ. ಮನೇಲಿ ನಿಮ್ಮಜ್ಜಿ ಕೂತಿರ್ತಾರೆ," ಅನ್ನೋಳು.

ಶಶಿಕಲಾ ನನಗೆ ಪರಿಚಯ ಆದದ್ದು ಬಿಸಿಯೂಟದವರ ಧರಣಿಯಲ್ಲಿ. ನಮಗೆ ಕೊಡೋದನ್ನ ಗೌರವಧನ ಅನ್ನಬೇಡಿ, ಸಂಬಳ ಅನ್ನಿ ಅಂತ ತುಮಕೂರಲ್ಲಿ ಬಿಸಿಲಿಗೆ ಕೂತಿದ್ದೆವು. ಮಗಳೂ ಬಂದಿದ್ದಳು. ನಾವೆಲ್ಲ ಗಂಟಲು ಹರಿಯೋ ಹಾಗೆ ಕೂಗುತ್ತಿದ್ದರೆ ಅವಳು ಲಂಗದ ಮಡಿಲಲ್ಲಿ ಕಡ್ಲೆಕಾಯಿ ಹಾಕಿಕೊಂಡು ಒಂದೊಂದೇ ಸುಲಿದು ತಿನ್ನುತ್ತಿದ್ದಳು. ತಿನ್ನೋದರಲ್ಲಿ ಅಷ್ಟು ಶ್ರದ್ಧೆ ಇದ್ದ ಹುಡುಗಿಯನ್ನ ನಾನು ಬೇರೆ ನೋಡಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನ ಮಸಾಲೆಪುರಿ, ಮಾವಿನಕಾಯಿ, ಅಮ್ಮನ ಮೊಟ್ಟೆ ಸಾರು, ಯಾವುದನ್ನೂ ಬಿಟ್ಟವಳಲ್ಲ. ಹತ್ತನೇ ಕ್ಲಾಸು ಪಾಸಾಗೋದು, ಶಿಲ್ಪಾ ಜೊತೆ ದಿನಾ ಬಸ್ಸು ಹತ್ತಿ ತುಮಕೂರಿನ ಕಾಲೇಜಿಗೆ ಹೋಗೋದು, ಇದಿಷ್ಟೇ ಅವಳಿಗೆ ಬೇಕಿದ್ದದ್ದು. ಬಸ್ಸಲ್ಲಿ ಯಾರು ಕಿಟಕಿ ಪಕ್ಕ ಕೂರಬೇಕು ಅಂತ ಇಬ್ಬರೂ ಆಗಲೇ ಜಗಳ ಆಡಿ ಮುಗಿಸಿದ್ದರು.

ಕೊರೊನಾ ಬಂತು. ಸ್ಕೂಲಿಗೆ ಬೀಗ, ಅಡುಗೆ ಮನೆಗೆ ಬೀಗ. ಮಕ್ಕಳ ಪಾಲಿನ ಅಕ್ಕಿ ಬೇಳೆಯನ್ನ ಚೀಲಕ್ಕೆ ಹಾಕಿ ಮನೆಗೆ ಕೊಟ್ಟರು. ಮನೆಗೆ ಹೋದ ಅಕ್ಕಿ ಮನೆಯವರೆಲ್ಲರ ಅಕ್ಕಿ. ಬೆಲ್ ಹೊಡೆದಾಗ ಸಾಲಾಗಿ ಕೂತು ಉಣ್ಣುತ್ತಿದ್ದ ಹುಡುಗರು ಹೊತ್ತು ಗೊತ್ತಿಲ್ಲದೆ ತಿನ್ನೋಕೆ ಶುರು ಮಾಡಿದರು. ಆ ಬೀದಿಯ ಗಂಡುಹುಡುಗರು ಮಧ್ಯಾಹ್ನ ಎದ್ದು, ಮೊಬೈಲ್ ನೋಡಿಕೊಂಡು, ನೂಡಲ್ಸ್ ಪ್ಯಾಕೆಟ್ಟನ್ನ ಹಸಿಯಾಗೇ ಮುಕ್ಕುತ್ತಿದ್ದರು. ಹೆಣ್ಣುಮಕ್ಕಳು ಒಲೆ ಮುಂದೆ ನಿಂತು ಉಳಿದದ್ದನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತ್ರಿವೇಣಿಯ ಅಜ್ಜಿ ಕೊಲ್ಲಾಪುರಮ್ಮ ಎಲ್ಲರಿಗೂ ದಿನಾ ಮೆಣಸಿನ ಕಷಾಯ ಕುಡಿಸಿ ಹೊಟ್ಟೆ ಉರಿ ಬರಿಸಿಟ್ಟಿದ್ದಳು. ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಸಿಗೋದು ಮಹಡಿ ಮೇಲೆ. ಅಪ್ಪನ ಹಳೇ ಮೊಬೈಲ್ ಹಿಡಿದು ತ್ರಿವೇಣಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂರೋಳು, ಪಾಠ ಕೇಳೋಳು, ಕುರುಕಲು ತಿನ್ನೋಳು. ಹುಡುಗಿ ಸದಾ ಫೋನಲ್ಲೇ ಇರ್ತಾಳೆ ಅನ್ನೋದನ್ನ ಬೀದಿ ಆಗಲೇ ನೋಡಿಟ್ಟುಕೊಂಡಿತ್ತು.

ಎರಡನೇ ವರ್ಷ, ಬೇಸಿಗೆಯ ಅಲೆಯಲ್ಲಿ, ಅಪ್ಪ ತಿಮ್ಮರಾಜು ಜ್ವರ ತಂದ. ಅವನು ತುಮಕೂರು ಪಕ್ಕದ ಅಂತರಸನಹಳ್ಳಿಯ ಒಂದು ಸಣ್ಣ ಶೆಡ್ಡಲ್ಲಿ ಲೇತ್ ಕೆಲಸ ಮಾಡೋನು, ದಿನಾ ಗುಬ್ಬಿಯಿಂದ ಗಾಡಿಯಲ್ಲಿ ಹೋಗಿ ಬರೋನು. ಒಬ್ಬೊಬ್ಬರಾಗಿ ನಾಲ್ಕೂ ಜನ ಮಲಗಿದರು. ಟೆಸ್ಟು ಮಾಡಿಸಲಿಲ್ಲ. ಮೊದಲ ವರ್ಷ ಟೆಸ್ಟಲ್ಲಿ ಕೊರೊನಾ ಅಂತ ಬಂದದ್ದಕ್ಕೆ ಅದೇ ಬೀದಿಯ ಗುಂಡಯ್ಯನ ಮನೆಗೆ ಗಳ ಕಟ್ಟಿ ಟೇಪು ಸುತ್ತಿದ್ದರು. ಗುಂಡಯ್ಯ ಹಸು ಕಟ್ಟಿಕೊಂಡು ಬೀದಿಗೆಲ್ಲ ಹಾಲು ಕೊಡೋನು. ಟೇಪು ಬಿಚ್ಚಿದ ಮೇಲೂ ಅವನ ಹಾಲನ್ನ ಯಾರೂ ಮುಟ್ಟಲಿಲ್ಲ, ಕೊನೆಗೆ ಹಸು ಮಾರಿದ. ಅದನ್ನ ಕಣ್ಣಾರೆ ಕಂಡ ತಿಮ್ಮರಾಜು ಮನೆಯವರಿಗೆಲ್ಲ ಒಂದೇ ಮಾತು ಹೇಳಿದ: "ಯಾರ್ ಕೇಳಿದ್ರೂ ವೈರಲ್ ಜ್ವರ ಅನ್ನಿ. ಕೊರೊನಾ ಅಂದ್ರೆ ನನ್ನ ಶೆಡ್ ಬಾಗಿಲಿಗೇ ಬಿಟ್ಕೊಳಲ್ಲ."

ಎಲ್ಲರೂ ಎದ್ದರು. ತ್ರಿವೇಣಿಯ ಮೂಗು ಮಾತ್ರ ಏಳಲಿಲ್ಲ. ಕಾಫಿ, ಸೋಪು, ಮಲ್ಲಿಗೆ, ಸೆಗಣಿ, ಎಲ್ಲಾ ಒಂದೇ. ಅನ್ನ ಸಾರು ಬಾಯಲ್ಲಿ ಒದ್ದೆ ಕಾಗದದ ಹಾಗೆ ತಿರುಗುತ್ತಿತ್ತು. ನಾಲಿಗೆಗೆ ತಿಳಿಯುತ್ತಿದ್ದದ್ದು ಹುಳಿ, ಉಪ್ಪು, ಖಾರ ಇಷ್ಟೇ. ತಿನ್ನೋ ಚಪಲದ ಹುಡುಗಿ ಸುಮ್ಮನೆ ಇರ್ತಾಳಾ? ಹುಣಸೆಹಣ್ಣಿಗೆ ಉಪ್ಪು ಖಾರದ ಪುಡಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚೀಪಿದಳು. ಹಸಿ ಮಾವಿನಕಾಯಿ ಬಂದ ಕಾಲ, ದಿನಾ ಅದೇ. ಅನ್ನ ಮುಟ್ಟಲ್ಲ, ಹುಳಿ ಬಿಡಲ್ಲ. ಹುಡುಗಿ ಕಡ್ಡಿಯಾದಳು. ಮೈ ಸೊರಗಿದ್ದಕ್ಕೆ ತಿಂಗಳ ಮುಟ್ಟೂ ನಿಂತಿತು.

ಆಮೇಲೆ ಒಂದು ದಿನ ಮೂಗು ವಾಪಸ್ ಬಂತು. ಬಂದದ್ದು ಕೆಟ್ಟು ಬಂತು.

ಶಶಿಕಲಾ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಈರುಳ್ಳಿ ಚುಂಯ್ ಅಂದದ್ದೇ ತಡ, ತ್ರಿವೇಣಿ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಮಾರನೇ ದಿನವೂ ಓಡಿದಳು. ಮೊಟ್ಟೆ ಒಡೆದರೆ ಓಡೋಳು, ಬೆಳ್ಳುಳ್ಳಿ ಜಜ್ಜಿದರೆ ಓಡೋಳು.

"ಏನೇ ಆಯ್ತು ನಿಂಗೆ?" ಅಂತ ಕೊಲ್ಲಾಪುರಮ್ಮ ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಈರುಳ್ಳಿ ಟೈರು ಸುಟ್ಟಂಗೆ ನಾರ್ತದೆ ಅಜ್ಜಿ."

"ಟೈರು ಸುಡೋದು ನಿಮ್ಮಮ್ಮನ ಧರಣಿಯೋರು ಕಣೇ. ನಮ್ಮನೆ ಒಲೆ ಮೇಲೆ ಯಾರು ಸುಟ್ಟಾರು?"

ಹಾಗೆ ಅಂದು ಅಜ್ಜಿ ಮೊಮ್ಮಗಳನ್ನ ತಲೆಯಿಂದ ಕಾಲವರೆಗೆ ಒಂದು ಸಲ ನೋಡಿದಳು. ಆ ನೋಟದಲ್ಲೇ ತೀರ್ಪು ಆಗಿಹೋಗಿತ್ತು. ಸೊಸೆಯನ್ನ ಹಿತ್ತಲಿಗೆ ಕರೆದಳು. "ಒಗ್ಗರಣೆ ಸೇರಲ್ಲ. ಹುಳಿ ಬೇಕು. ಹೊರಗಾಗಿ ಎಷ್ಟು ದಿನ ಆಯ್ತು ಅಂತ ನೀನೇ ಕೇಳು. ನಾನೂ ಹೆತ್ತೋಳು ಕಣೇ ಶಶಿ, ಕುರುಡಿ ಅಲ್ಲ."

"ಅತ್ತೆ, ಬಾಯಿಗೆ ಬಂದಂಗೆ ಆಡ್ಬೇಡಿ. ಆಚೆಗೇ ಹೋಗಿಲ್ಲ ಅದು, ಲಾಕ್‌ಡೌನು."

"ಮಹಡಿಗೆ ಹೋಗ್ತಿತ್ತಲ್ಲ."

ಶಶಿಕಲಾ ಮಗಳನ್ನ ಕೂರಿಸಿಕೊಂಡು ಕೇಳಿದಳು. ತ್ರಿವೇಣಿಗೆ ಮೊದಲು ಪ್ರಶ್ನೆಯೇ ಅರ್ಥ ಆಗಲಿಲ್ಲ. ಅರ್ಥ ಆದ ಮೇಲೆ ಅಮ್ಮನ ಮುಖಕ್ಕೆ ಕೈಲಿದ್ದ ಸೀಬೆಕಾಯಿ ಎಸೆದಳು.

ಆಶಾ ಕಾರ್ಯಕರ್ತೆ ಅನುಪಮಾ ಅದೇ ಬೀದಿಗೆ ದಿನಾ ಬರೋಳು, ಜ್ವರ ಕೆಮ್ಮು ಕೇಳಿಕೊಂಡು. ಶಶಿಕಲಾ ಅವಳನ್ನ ಒಳಗೆ ಕರೆದು ಬಾಗಿಲು ಹಾಕಿದಳು. ಅನುಪಮಾ ತಂದಿದ್ದ ಕಾರ್ಡಲ್ಲಿ ಬಸಿರಿನ ಟೆಸ್ಟು ಮಾಡಿದಳು. ಒಂದೇ ಗೆರೆ.

"ಏನೂ ಇಲ್ಲ. ಹುಡುಗಿ ಸುಮ್ನೆ ಸೊರಗವ್ಳೆ," ಅಂದಳು ಅನುಪಮಾ.

"ಒಂದು ಗೆರೆ ಅಂದ್ರೆ ಇಲ್ಲ, ಎರಡು ಅಂದ್ರೆ ಐತೆ. ಇನ್ನೊಂದು ಗೆರೆ ನಾಳೆ ಬಂದ್ರೆ?" ಅಂದಳು ಕೊಲ್ಲಾಪುರಮ್ಮ.

ಅನುಪಮಾ ಶಶಿಕಲಾಳ ಕಡೆ ತಿರುಗಿದಳು. "ಶಶಿ, ನಿಜ ಹೇಳು. ಅವತ್ತು ನಿಮ್ಮನೇಲಿ ಎಲ್ಲಾ ಮಲಗಿದ್ರಲ್ಲ, ಅದು ಕೊರೊನಾನೇ ತಾನೆ? ಬಂದು ಹೋದ ಮೇಲೆ ಕೆಲವರಿಗೆ ವಾಸನೆ ಉಲ್ಟಾ ಆಗ್ತದಂತೆ. ಡಾಕ್ಟ್ರು ಮೀಟಿಂಗಲ್ಲಿ ಹೇಳಿದ್ರು. ಹೌದು ಅನ್ನು, ನಾನೇ ಕರ್ಕೊಂಡೋಗಿ ತೋರಿಸ್ತೀನಿ."

ಶಶಿಕಲಾ ಅತ್ತೆಯ ಮುಖ ನೋಡಿದಳು.

"ನಮ್ಮನೇಗೆ ಯಾವ ಕೊರೊನಾನೂ ಬಂದಿಲ್ಲ ಕಣಮ್ಮ. ವೈರಲ್ಲು," ಅಂದಳು ಕೊಲ್ಲಾಪುರಮ್ಮ.

"ಇಲ್ಲ ಕಣಕ್ಕ, ವೈರಲ್ಲು," ಅಂದಳು ಶಶಿಕಲಾ.

ಬಾಗಿಲ ಹಿಂದೆ ನಿಂತಿದ್ದ ತ್ರಿವೇಣಿಯೂ ಬಾಯಿ ಬಿಡಲಿಲ್ಲ. ಅಪ್ಪನ ಕೆಲಸ ಹೋಗ್ತದೆ ಅಂತ ಅವಳಿಗೂ ಹೇಳಿಕೊಟ್ಟಿದ್ದರಲ್ಲ. ಒಂದು ಹೌದು ಅಂದಿದ್ದರೆ ಮುಗಿಯುತ್ತಿತ್ತು. ಗಳ ಕಟ್ಟಿ ಟೇಪು ಸುತ್ತಿದವರು ಆ ಹೌದನ್ನ ಮೊದಲೇ ಕಿತ್ತುಕೊಂಡಿದ್ದರು. ರೋಗ ಬಂದವರನ್ನ ಕಳ್ಳರ ಹಾಗೆ ನಡೆಸಿಕೊಂಡರೆ ರೋಗ ಬಂದವರು ಕಳ್ಳರ ಹಾಗೇ ಬಚ್ಚಿಡುತ್ತಾರೆ, ಇದು ತಿಳಿಯೋಕೆ ದೊಡ್ಡ ಓದು ಬೇಕಾಗಿಲ್ಲ.

ಬಾಗಿಲು ಹಾಕಿದ್ದೇ ಕೆಟ್ಟದ್ದಾಯಿತು. ಆಶಾ ಬಂದರೆ ಜಗಲಿಯಲ್ಲಿ ನಿಂತು ಹೋಗುತ್ತಾಳೆ. ಈ ಮನೆಯಲ್ಲಿ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಳಾಯಿ ಹತ್ತಿರ ಗುಂಡಯ್ಯನ ಹೆಂಡತಿ ಶಶಿಕಲಾಳ ಬಿಂದಿಗೆ ತುಂಬೋವರೆಗೂ ಕಾದಿದ್ದು ಮೆಲ್ಲಗೆ ಕೇಳಿದಳು: "ಮಗಳಿಗೆ ಬಾಯಿ ಕೆಟ್ಟಿದೆಯಂತಲ್ಲ. ಎಷ್ಟನೇ ತಿಂಗಳು?"

ಶಶಿಕಲಾ ಬಿಂದಿಗೆ ಅಲ್ಲೇ ಬಿಟ್ಟು ಬಂದಳು.

ತಿಮ್ಮರಾಜು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎರಡು ಬೈದು ನಾವೂ ಸುಮ್ಮನಾಗಬಹುದಿತ್ತು. ಮಗಳು ತಪ್ಪು ಮಾಡಿಲ್ಲ ಅಂತ ಅವನಿಗೆ ಗೊತ್ತಿತ್ತು. "ಟೆಸ್ಟು ಏನಾದ್ರೂ ಹೇಳ್ಲಿ ಕಣೇ, ಬೀದಿ ಹೇಳಾಯ್ತಲ್ಲ," ಅಂದ ಹೆಂಡತಿಗೆ. ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ಮದುವೆ ಇಲ್ಲ. ಶ್ರಾವಣದವರೆಗೆ ಕಾದರೆ ಹೊಟ್ಟೆ ಕಾಣುತ್ತೆ ಅನ್ನೋದು ಅಜ್ಜಿಯ ಲೆಕ್ಕ. ಇಲ್ಲದ ಹೊಟ್ಟೆಗೆ ಹೆದರಿ ಗಂಡು ಹುಡುಕೋಕೆ ಹೊರಟರು.

ಕುಣಿಗಲ್ ತಾಲ್ಲೂಕು ಕೊತ್ತಗೆರೆಯಲ್ಲಿ ದೂರದ ನೆಂಟರ ಹುಡುಗ ಮುತ್ತುರಾಜ್ ಇದ್ದ. ಡೈರಿಯ ಹಾಲಿನ ಗಾಡಿ ಓಡಿಸೋನು. ಹುಡುಗ ಅನ್ನೋದು ಮರ್ಯಾದೆಗೆ. ಮೂವತ್ತರ ಹತ್ತಿರ, ಹೆಣ್ಣು ಸಿಕ್ಕಿರಲಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ಅಂದಾಗ ಅವರ ಮನೆಯವರು ವಯಸ್ಸು ಕೇಳಲಿಲ್ಲ.

"ಪರೀಕ್ಷೆ ಮುಗೀಲಿ ಅಪ್ಪ. ಆಮೇಲೆ ಎಲ್ಲಿಗಾದ್ರೂ ತಳ್ಳಿ," ಅಂದಳು ತ್ರಿವೇಣಿ.

"ಪರೀಕ್ಷೆ ನಡೀತದೋ ಇಲ್ವೋ ಸರ್ಕಾರಕ್ಕೇ ಗೊತ್ತಿಲ್ಲ. ನಿನ್ನ ಬಾಯಿ ನೋಡ್ಕೊಂಡು ಗಂಡು ಕೂತಿರ್ತಾನಾ?"

ಸುದ್ದಿ ತಿಳಿದ ಅನುಪಮಾ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಆಫೀಸಿನವರು ಜೀಪಲ್ಲಿ ಬಂದರು. ಹುಡುಗಿಗೆ ಹದಿನಾರು, ಹದಿನೆಂಟು ತುಂಬೋವರೆಗೆ ಮದುವೆ ಮಾಡಲ್ಲ, ಮಾಡಿದರೆ ಜೈಲು ಅಂತ ತಿಮ್ಮರಾಜು ಕೈಲಿ ಮುಚ್ಚಳಿಕೆ ಬರೆಸಿಕೊಂಡರು. ಸಹಿ ಹಾಕೋನ ಫೋಟೋ ತೆಗೆದರು. ಮಾಸ್ಕು ಮೂಗಿನ ಮೇಲಕ್ಕೆ ಹಾಕ್ಕೊಳಿ ಅಂತ ಬುದ್ಧಿ ಹೇಳಿ ಹೋದರು. ಮತ್ತೆ ಬರಲಿಲ್ಲ.

ಜೀಪು ಹೋದ ವಾರದಲ್ಲೇ ಮದುವೆ ಆಯಿತು. ಕಾರು ಮಾಡಿದರೆ ಬೀದಿ ನೋಡುತ್ತೆ ಅಂತ ಮುತ್ತುರಾಜನ ಹಾಲಿನ ಗಾಡಿಯಲ್ಲೇ ಹೊರಟರು. ಹಾಲಿನ ಗಾಡಿಗೆ ಯಾರೂ ಅಡ್ಡ ಹಾಕಲ್ಲ. ಖಾಲಿ ಕ್ಯಾನುಗಳ ನಡುವೆ ಮದುಮಗಳು, ಹಳಸಿದ ಹಾಲಿನ ವಾಸನೆಗೆ ಸೆರಗು ಕಚ್ಚಿಕೊಂಡು. ಮಾರ್ಕೋನಹಳ್ಳಿ ಡ್ಯಾಮಿನ ಆಚೆ ಒಂದು ಸಣ್ಣ ಗುಡಿ, ಬೆಳಿಗ್ಗೆ ತಾಳಿ. ಮದುವೆಗೆ ಜನ ಕಡಿಮೆ ಇರಲಿ ಅಂತ ಸರ್ಕಾರವೇ ಹೇಳಿತ್ತು. ಇಂಥ ಮದುವೆಗೆ ಅದಕ್ಕಿಂತ ಅನುಕೂಲ ಇನ್ನೇನು? ಊಟಕ್ಕೆ ಈರುಳ್ಳಿ ಹಾಕಿದ ಚಿತ್ರಾನ್ನದ ಪೊಟ್ಟಣ. ಮದುಮಗಳು ಬಾಳೆಹಣ್ಣು ತಿಂದಳು.

ಕೊತ್ತಗೆರೆಯಲ್ಲಿ ಹೊಸ ಸೊಸೆಗೆ ಅಂತ ಅತ್ತೆ ಮಟನ್ ಸಾರು ಮಾಡಿದಳು. ಮಸಾಲೆ ಹುರಿಯೋ ಹೊತ್ತಿಗೆ ತ್ರಿವೇಣಿ ಮಾಸ್ಕ್ ಹಾಕಿಕೊಂಡು ಒಲೆ ಹತ್ತಿರ ಬಂದಳು. ಬೀದಿಯಲ್ಲಿ ಯಾರೂ ಸರಿಯಾಗಿ ಹಾಕದ ಮಾಸ್ಕು, ಇವಳು ಅಡುಗೆ ಮನೆಯಲ್ಲಿ ಹಾಕಿದ್ದಳು.

"ಯಾಕವ್ವ ರಾಣಿ, ನಮ್ಮನೆ ಅಡುಗೆ ನಾರ್ತದಾ?" ಅಂದಳು ಅತ್ತೆ.

"ಇಲ್ಲ ಅತ್ತೆ. ನನ್ನ ಮೂಗೇ ಸರಿ ಇಲ್ಲ."

"ಮೂಗು ಸರಿ ಇಲ್ಲ ಅಂತ ನಿಮ್ಮಪ್ಪ ಹೇಳ್ಲೇ ಇಲ್ವಲ್ಲ."

ಮುತ್ತುರಾಜ್ ನಕ್ಕ. ಅವಳು ಮಜ್ಜಿಗೆ ಅನ್ನ ತಣ್ಣಗೆ ಮಾಡಿಕೊಂಡು, ಉಸಿರು ಹಿಡಿದು ನುಂಗೋಳು. ತಣ್ಣಗಿದ್ದರೆ ವಾಸನೆ ಕಡಿಮೆ ಅಂತ ತಾನೇ ಕಂಡುಕೊಂಡಿದ್ದಳು. ಸದ್ಯ, ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಜೊತೆ ಒಂದೇ ಸೂರಿನ ಕೆಳಗೆ ಇರಬಾರದು. ತಿಮ್ಮರಾಜು ಹೋಗಿ ಮಗಳನ್ನ ಗುಬ್ಬಿಗೆ ಕರೆತಂದ.

ತವರಿಗೆ ಬಂದ ಎರಡನೇ ದಿನ ತ್ರಿವೇಣಿ ಮುಟ್ಟಾದಳು.

ಬಚ್ಚಲಿಂದ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಅತ್ತೆಗೆ ಹೇಳಿದಳು. ಕೊಲ್ಲಾಪುರಮ್ಮ ಅವರೆಕಾಳು ಆರಿಸುತ್ತಿದ್ದಳು. ಒಂದು ಹುಳುಕು ಕಾಳು ಆಚೆ ಎಸೆದಳು. "ಒಳ್ಳೇದಾಯ್ತು ಬುಡು," ಅಂದಳು. ಯಾರಿಗೆ ಒಳ್ಳೇದು, ಏನು ಒಳ್ಳೇದು ಅಂತ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ಆ ಮದುವೆಗೆ ಕಾರಣವೇ ಇರಲಿಲ್ಲ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಆ ಹೊತ್ತಿಗೆ ಪರೀಕ್ಷೆಯ ದಿನ ಗೊತ್ತಾಗಿತ್ತು. ಹತ್ತನೇ ಕ್ಲಾಸಿಗೆ ಎರಡೇ ದಿನ, ಉತ್ತರ ಬರೆಯೋ ಹಾಗಿಲ್ಲ, ಗುರುತು ಹಾಕಿದರೆ ಸಾಕು. ಶಿಲ್ಪಾ ಓಡಿಕೊಂಡು ಮನೆಗೆ ಬಂದಳು. "ಮೇಷ್ಟ್ರು ನಿನ್ನನ್ನೂ ಕರ್ಕೊಂಡ್ ಬಾ ಅಂದವ್ರೆ ಕಣೇ. ಬಂದು ಕೂತ್ರೆ ಸಾಕಂತೆ, ಫೇಲ್ ಮಾಡಲ್ವಂತೆ." ಕಾಲುಂಗುರ ನೋಡಿ ಮಾತು ನಿಲ್ಲಿಸಿದಳು.

ತ್ರಿವೇಣಿ ಆವತ್ತಿಂದ ಪುಸ್ತಕ ಹಿಡಿದು ಕೂತಳು. ಶಶಿಕಲಾ ಒಗ್ಗರಣೆ ಹಾಕೋದನ್ನೇ ಬಿಟ್ಟಳು. ಬರೀ ಬೇಯಿಸಿದ ಬೇಳೆ, ಉಪ್ಪು, ನಿಂಬೆಹುಳಿ. ಮಗಳು ಒಂದು ತಟ್ಟೆ ಅನ್ನ ಉಂಡಳು. ಎಷ್ಟೋ ತಿಂಗಳ ಮೇಲೆ ಉಂಡ ಪೂರ್ತಿ ಊಟ ಅದು.

ಪರೀಕ್ಷೆಯ ಹಿಂದಿನ ಸಂಜೆ ತಿಮ್ಮರಾಜು ಬಾಯಿ ಬಿಟ್ಟ. "ನೀನು ಹೋಗೋ ಹಾಗಿಲ್ಲ."

"ಯಾಕೆ?"

"ಅಲ್ಲಿ ಆಫೀಸಿನೋರು ಇರ್ತಾರೆ, ಪೊಲೀಸ್ನೋರು ಇರ್ತಾರೆ. ಮುಚ್ಚಳಿಕೆಗೆ ಸೈನ್ ಹಾಕಿದೀನಿ, ಫೋಟೋ ಐತೆ. ನಿನ್ ಕತ್ತಲ್ಲಿ ತಾಳಿ ನೋಡಿದ್ರೆ ನಾನೂ ಒಳಗೆ, ಅವ್ನೂ ಒಳಗೆ."

"ಬಿಚ್ಚಿಟ್ಟು ಹೋಗ್ತೀನಿ. ಬಂದ್ಮೇಲೆ ಹಾಕ್ಕೊತೀನಿ."

ಕೊಲ್ಲಾಪುರಮ್ಮ ಕೂತಲ್ಲಿಂದ ಎದ್ದಳು. "ಬಾಯ್ ಮುಚ್ಚು! ಗಂಡಸ್ರು ನೊಣ ಉದುರ್ದಂಗೆ ಉದುರ್ತಾವ್ರೆ, ನೋಡಿಲ್ವಾ? ಅವ್ನು ದಿನಾ ಹಾಲ್ ತಕ್ಕೊಂಡು ಊರೂರು ಅಲೀತಾನೆ. ನೀನು ತಾಳಿ ಬಿಚ್ಚಿದ ಗಳಿಗೇಲಿ ಏನಾದ್ರೂ ಆದ್ರೆ?"

"ಅತ್ತೆ, ಎರಡು ದಿನ. ಹೋಗಿ ಬರ್ಲಿ ಬುಡಿ," ಅಂದಳು ಶಶಿಕಲಾ. "ಸೆರಗು ಹೊದ್ಕೊಂಡು ಹೋಗ್ತಾಳೆ, ಮಾಸ್ಕ್ ಐತೆ, ಯಾರಿಗೂ ಗುರ್ತೇ ಸಿಗಲ್ಲ."

"ನೀನು ಸುಮ್ನಿರು," ಅಂದ ತಿಮ್ಮರಾಜು. "ಅವತ್ತು ಆ ಆಶಾನ ಒಳಗೆ ಕರೆದೋಳು ನೀನೇ ತಾನೆ?"

ಶಶಿಕಲಾ ಒಳಗೆ ಹೋಗಿ ಒಲೆ ಹಚ್ಚಿದಳು. ಧರಣಿಯಲ್ಲಿ ಅವಳ ಗಂಟಲು ಕೇಳಿದವರು ನಾವು. ಆ ಗಂಟಲು ಮನೆಯ ಹೊಸಲು ದಾಟಿ ಒಳಗೆ ಬರುತ್ತಿರಲಿಲ್ಲ. ಬಹಳ ಹೆಂಗಸರದು ಹೀಗೇ. ನಾವು ಹೋರಾಟದವರು ಇದಕ್ಕೆ ಇನ್ನೂ ಮದ್ದು ಕಂಡುಕೊಂಡಿಲ್ಲ.

ಬೆಳಿಗ್ಗೆ ತಿಮ್ಮರಾಜು ಶೆಡ್ಡಿಗೆ ರಜೆ ಹಾಕಿ ಬಾಗಿಲಲ್ಲೇ ಕೂತ. ಶಿಲ್ಪಾ ಬಂದಳು, ಬೀದಿಯಲ್ಲೇ ನಿಂತಳು, "ಹೊತ್ತಾಯ್ತು ಕಣೇ" ಅಂತ ಕೂಗಿದಳು. ಮತ್ತೆ ಕೂಗಿದಳು. ಕೊನೆಗೆ ತಿಮ್ಮರಾಜೇ, "ಅವಳಿಗೆ ಹುಷಾರಿಲ್ಲಮ್ಮ, ನೀನು ಹೋಗು," ಅಂದ. ತ್ರಿವೇಣಿ ಅಳಲಿಲ್ಲ, ಕೂಗಾಡಲಿಲ್ಲ. ಪುಸ್ತಕ ಮಡಿಸಿಟ್ಟು ಗೋಡೆಗೆ ತಿರುಗಿ ಮಲಗಿದಳು. ಮಧ್ಯಾಹ್ನ ಅಮ್ಮ ಬೇಳೆ ಅನ್ನ ತಂದಿಟ್ಟಳು, ಸಂಜೆ ಅದು ಹಾಗೇ ಇತ್ತು. ಎರಡನೇ ಪರೀಕ್ಷೆಯ ದಿನ ಶಿಲ್ಪಾ ಕೂಗಲಿಲ್ಲ, ನೇರ ಹೋದಳು.

ಫಲಿತಾಂಶ ಬಂತು. ಆ ವರ್ಷ ಪರೀಕ್ಷೆಗೆ ಕೂತವರಲ್ಲಿ ಫೇಲಾದವರನ್ನ ಹುಡುಕಬೇಕಿತ್ತು. ಬೀದಿಯಲ್ಲಿ ನೂಡಲ್ಸ್ ಮುಕ್ಕುತ್ತಿದ್ದ ಹುಡುಗರೆಲ್ಲ ಪಾಸು. ಒಂದೂ ಕ್ಲಾಸು ಕೇಳದವರೂ ಪಾಸು. ಅಷ್ಟರಲ್ಲಿ ಆಷಾಢ ಮುಗಿದು ತ್ರಿವೇಣಿ ಕೊತ್ತಗೆರೆಗೆ ಹೋಗಿಯಾಗಿತ್ತು.

ಇಷ್ಟು ವರ್ಷದ ಮೇಲೆ ಮೊನ್ನೆ ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ಸಿಕ್ಕಳು. ಕಂಕುಳಲ್ಲಿ ಒಂದು ಮಗು. ಅವಳೇ ಗುರುತು ಹಿಡಿದು ಮಾತಾಡಿಸಿದಳು, ನನಗೆ ಗುರುತು ಸಿಕ್ಕಿರಲಿಲ್ಲ. ಕೆನ್ನೆ ಒಳಗೆ ಹೋಗಿದೆ, ಕಣ್ಣ ರೆಪ್ಪೆಯ ಒಳಗೆ ಬಿಳಿ. ರಕ್ತ ಕಮ್ಮಿ ಅಂತ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ, ತಿಂದರೆ ಹೊಟ್ಟೆ ತೊಳಸ್ತದೆ ಅಂತ ಬಿಟ್ಟಿದ್ದಾಳೆ.

"ಮೂಗು?" ಅಂದೆ.

"ಅದು ಸರಿಹೋಯ್ತು. ಯಾವಾಗ ಅಂತ ಗೊತ್ತಿಲ್ಲ. ಒಂದಿನ ಒಗ್ಗರಣೆ ಹಾಕ್ತಿದ್ದೆ, ನಾರ್ಲಿಲ್ಲ."

"ಮನೇಲಿ ಹೇಳಿದ್ಯಾ?"

"ಏನಂತ ಹೇಳ್ಲಿ?"

ಈಗ ಎಲ್ಲಾ ವಾಸನೆ ಬರ್ತದೆ, ಹಸಿವು ಬರಲ್ಲ. ಎಲ್ಲರೂ ಉಂಡ ಮೇಲೆ ನಿಂತುಕೊಂಡು ಎರಡು ತುತ್ತು ಮಜ್ಜಿಗೆ ಅನ್ನ ನುಂಗಿ ಪಾತ್ರೆ ತೊಳೆಯೋದು ರೂಢಿ ಆಗಿದೆ. ಮುತ್ತುರಾಜ್ ಬೈಯಲ್ಲ, ಹೊಡೆಯಲ್ಲ, ಕೇಳೋದೂ ಇಲ್ಲ. ಶಿಲ್ಪಾ ತುಮಕೂರಲ್ಲಿ ಡಿಗ್ರಿ ಮುಗಿಸಿದಳು, ಕೆಲಸಕ್ಕೆ ಸೇರಿದಳು. "ಸ್ಟೇಟಸ್ ನೋಡ್ತೀನಿ," ಅಂದಳು ತ್ರಿವೇಣಿ. ಮಾತಾಡಿ ಎಷ್ಟೋ ಕಾಲ ಆಗಿದೆಯಂತೆ.

ಹತ್ತನೇ ಕ್ಲಾಸನ್ನ ಹೊರಗಿಂದಲೂ ಕಟ್ಟಬಹುದು, ಬೇಕಾದ್ದೆಲ್ಲ ನಾನೇ ಓಡಾಡಿ ಮಾಡಿಸುತ್ತೇನೆ ಅಂದೆ. ಚಳವಳಿಯವರಿಗೆ ಇದೊಂದು ಚಟ, ಎಲ್ಲಾ ಮುಗಿದಲ್ಲೂ ಏನೋ ಶುರು ಮಾಡೋಕೆ ಹೋಗುತ್ತೇವೆ.

ಅವಳು ಮಗುವನ್ನ ಇನ್ನೊಂದು ಕಡೆಗೆ ಎತ್ತಿಕೊಂಡಳು. "ಆಗ ಸುಮ್ನೆ ಹೋಗಿ ಕೂತಿದ್ರೆ ಸಾಕಿತ್ತು," ಅಂದಳು. "ಈಗ ಓದ್ಬೇಕು. ಅಕ್ಷರ ನೋಡಿದ್ರೆ ತಲೆ ಸುತ್ತು ಬರ್ತದೆ. ಬೇಡ ಬುಡಿ."

ಕೊತ್ತಗೆರೆ ಕಡೆ ಬಸ್ಸು ಬಂತು. ಜನ ನುಗ್ಗಿದರು. ಅವಳು ನುಗ್ಗಲಿಲ್ಲ, ಎಲ್ಲರೂ ಹತ್ತಿದ ಮೇಲೆ ಹತ್ತಿ, ಮೆಟ್ಟಿಲ ಹತ್ತಿರವೇ ಕಂಬಿ ಹಿಡಿದು ನಿಂತಳು.